ಕಂದು ರೋಗಕ್ಕೆ ಡಿಎನ್‌ಎ ಲಸಿಕೆ: ಇಲಿಯಲ್ಲಿ ಗೆದ್ದದ್ದು ಹಸುವಿನಲ್ಲಿ ಎಡವುವುದೇಕೆ?

ಏಳೆಂಟು ತಿಂಗಳ ಗಬ್ಬದ ಹಸು ಕಂದು ಹಾಕಿದರೆ, ಅಂದರೆ ಗರ್ಭಪಾತವಾದರೆ, ಇಂದಿಗೂ ದೃಷ್ಟಿ ತೆಗೆಯುವವರಿದ್ದಾರೆ. ಬಿದ್ದ ಕರುವನ್ನೂ ಸತ್ತೆಯನ್ನೂ (ಮಾಸು) ಬರಿಗೈಯಲ್ಲೇ ಎತ್ತಿ ಎಸೆಯುತ್ತಾರೆ. ಅಪಾಯ ಇರುವುದೇ ಅಲ್ಲಿ. ಕಂದು ರೋಗ (ಬ್ರುಸೆಲ್ಲೋಸಿಸ್) ತರುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಆ ಸತ್ತೆಯಲ್ಲಿ ಕಿಕ್ಕಿರಿದಿರುತ್ತದೆ. ಕೈಯ ಗಾಯದಿಂದಲೋ ಕಾಯಿಸದ ಹಾಲಿನಿಂದಲೋ ನಮ್ಮೊಳಗೆ ಹೊಕ್ಕು, ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. 1887ರಲ್ಲಿ ಮಾಲ್ಟಾದಲ್ಲಿ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಈ ಕುಲದ ರೋಗಾಣುವನ್ನು ಗುರುತಿಸಿದರು. ಅದು ಆಡಿನ ಹಾಲಿನಿಂದ ಬರುತ್ತದೆಂದು ತಿಳಿಯಲು 1905ರವರೆಗೆ ಕಾಯಬೇಕಾಯಿತು.

ಈಗ ದನಗಳಿಗೆ ಕೊಡುವ ಎಸ್-19 ಜೀವಂತ ಲಸಿಕೆ, ಅಂದರೆ ಶಕ್ತಿಗುಂದಿದ ಜೀವಂತ ಬ್ರುಸೆಲ್ಲಾವೇ. 4ರಿಂದ 8 ತಿಂಗಳ ಹೆಣ್ಣುಗರುವಿಗೆ ಒಂದೇ ಸಲ. ಗಬ್ಬದ ಹಸುವಿಗೆ ಹಾಕಿದರೆ ಲಸಿಕೆಯೇ ಕಂದು ಹಾಕಿಸಬಹುದು. ಸೂಜಿ ಪಶುವೈದ್ಯರ ಬೆರಳಿಗೆ ಚುಚ್ಚಿದರೆ ಅವರಿಗೇ ಸೋಂಕು.

ಸತ್ತ ಬ್ಯಾಕ್ಟೀರಿಯಾ ಕೊಟ್ಟರೆ ಸಾಲದೇ? ಸಾಲದು. ಬ್ರುಸೆಲ್ಲಾ ಅಡಗುವುದು ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಕೋಶದೊಳಗೇ. ಸತ್ತ ಬ್ಯಾಕ್ಟೀರಿಯಾ ಹೆಚ್ಚಾಗಿ ಹುಟ್ಟಿಸುವ, ರಕ್ತದಲ್ಲಿ ತಿರುಗುವ ಪ್ರತಿಕಾಯಗಳು ಬೀದಿ ಕಾಯುವ ಪೊಲೀಸರಿದ್ದಂತೆ, ಬಾಗಿಲು ಹಾಕಿಕೊಂಡ ಮನೆಯೊಳಗೆ ಅವರ ಕೈ ಸಾಗದು. ಅಲ್ಲಿ ಬೇಕಾದದ್ದು ಟಿ-ಕೋಶಗಳೆಂಬ ರಕ್ಷಣಾ ಕೋಶಗಳು. ಅವು ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶದ ಪ್ರೋಟೀನ್ ಸುರಿಸಿದರೆ ಮ್ಯಾಕ್ರೋಫೇಜ್ ಎಚ್ಚೆತ್ತು ಒಳಗಿರುವುದನ್ನು ಕೊಲ್ಲುತ್ತದೆ.

ಡಿಎನ್‌ಎ ಲಸಿಕೆಯ ಸೊಗಸು ಇಲ್ಲಿದೆ. ಬ್ರುಸೆಲ್ಲಾದ ಒಂದು ಜೀನನ್ನು, ಉದಾಹರಣೆಗೆ ಎಲ್7/ಎಲ್12 ಪ್ರೋಟೀನಿನದು, ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಅದರ ಎಂಡೋಟಾಕ್ಸಿನ್ ಎಂಬ ವಿಷವನ್ನು ತೆಗೆದು ಶುದ್ಧೀಕರಿಸಿ ಸ್ನಾಯುವಿಗೆ ಚುಚ್ಚುತ್ತಾರೆ. ದೇಹದ ಕೋಶವೇ ಆ ಪ್ರೋಟೀನ್ ತಯಾರಿಸಿ, ತುಂಡರಿಸಿ, ಮೇಲ್ಮೈಯಲ್ಲಿಟ್ಟು ಟಿ-ಕೋಶಕ್ಕೆ ತೋರಿಸುತ್ತದೆ. ಇನ್ನೊಂದು ಲಾಭವೂ ಉಂಟು. ರೋಗಪತ್ತೆಯ ರೋಸ್ ಬೆಂಗಾಲ್ ಪರೀಕ್ಷೆ ಹುಡುಕುವುದು ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯ ವಿರುದ್ಧದ ಪ್ರತಿಕಾಯವನ್ನು. ಎಸ್-19 ಹಾಕಿಸಿಕೊಂಡ ದನವೂ ಅದರಲ್ಲಿ ರೋಗಿಯಂತೆ ಕಾಣಬಹುದು. ಡಿಎನ್‌ಎ ಲಸಿಕೆಯಲ್ಲಿ ಆ ಸಕ್ಕರೆಯೇ ಇಲ್ಲ, ಹಾಗಾಗಿ ಗೊಂದಲವೂ ಇಲ್ಲ. ಹಸುವಿನ ವಂಶವಾಹಿ ಬದಲಾಗುತ್ತದೆಂಬ ಭಯ ಬೇಡ: ಉಂಗುರ ವರ್ಣತಂತುವಿಗೆ ಸೇರುವುದು ಅತ್ಯಪರೂಪ, ಆ ಸ್ನಾಯುಕೋಶ ಕರುವಿಗೆ ದಾಟುವುದೂ ಇಲ್ಲ.

ಇಲಿಯಲ್ಲಿ ಗೆದ್ದ ಈ ಲಸಿಕೆಗೆ ಹಸುವಿನಲ್ಲಿ ತೊಡಕಿರುವುದು ಪ್ರಮಾಣದಲ್ಲಿ. 25 ಗ್ರಾಂ ಇಲಿಗೆ 100 ಮೈಕ್ರೋಗ್ರಾಂ ಕೊಡುವ ರೂಢಿ. ಅದೇ ಲೆಕ್ಕ ಹಿಡಿದರೆ 100 ಕಿಲೋ ಕರುವಿಗೆ 400 ಮಿಲಿಗ್ರಾಂ! ಮನುಷ್ಯರಿಗಾಗಿ 2021ರಲ್ಲಿ ಭಾರತ ಒಪ್ಪಿದ ಕೋವಿಡ್‌ನ ಝೈಕೋವ್-ಡಿ ಡಿಎನ್‌ಎ ಲಸಿಕೆಯ ಒಂದು ಡೋಸು 2 ಮಿಲಿಗ್ರಾಂ ಮಾತ್ರ. ಚುಚ್ಚಿದ್ದರಲ್ಲಿ ಬಹುಪಾಲು ಕೋಶಗಳ ನಡುವೆಯೇ ಕಿಣ್ವಗಳಿಗೆ ಸಿಕ್ಕಿ ಚೂರಾಗುತ್ತದೆ, ಕೋಶಕೇಂದ್ರ ಮುಟ್ಟುವುದು ಅತ್ಯಲ್ಪ. ಚುಚ್ಚಿದ ಜಾಗಕ್ಕೆ ಕ್ಷಣಮಾತ್ರ ವಿದ್ಯುತ್ ಹಾಯಿಸಿ ಕೋಶಪೊರೆ ತೆರೆಯಬಹುದು, ಆದರೆ ಕೊಟ್ಟಿಗೆಯಲ್ಲಿ ಒದೆಯುವ ಕರುವಿಗೆ ಅದನ್ನು ಮಾಡುವುದು ಸುಲಭವಲ್ಲ. ಸೂಜಿಯಿಲ್ಲದೆ ಒತ್ತಡದಿಂದ ಚರ್ಮಕ್ಕೆ ಚಿಮ್ಮಿಸುವ ಜೆಟ್ ಸಾಧನವೇ ಹಳ್ಳಿಗೆ ಹೊಂದುತ್ತದೆ. ಝೈಕೋವ್-ಡಿ ಕೊಟ್ಟದ್ದೂ ಹಾಗೆಯೇ.