ಮಂಗಳೂರಿನ ಸೆಕೆಗಾಳಿ ಭಾರವಲ್ಲ, ಹಗುರ

ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಎಂಥ ಸೆಕೆ ಮಾರಾಯ್ರೆ, ಗಾಳಿಯೇ ಭಾರ ಆಗಿದೆ." ಸೆಕೆ ನಿಜ. ಗಾಳಿ ಭಾರ ಅನ್ನೋದು ಮಾತ್ರ ಶುದ್ಧ ತಪ್ಪು. ತೇವ ತುಂಬಿದ ಗಾಳಿ ಅಷ್ಟೇ ಬಿಸಿಯ ಒಣಗಾಳಿಗಿಂತ ಹಗುರ. ನಂಬಿಕೆ ಬರದಿದ್ದರೆ ಮೊಬೈಲಿಗೆ ಒಂದು ಬ್ಯಾಲಿಸ್ಟಿಕ್ಸ್ ಆ್ಯಪ್, ಅಂದರೆ ಗುಂಡು ಹಾರುವ ದಾರಿಯನ್ನು ಲೆಕ್ಕ ಹಾಕುವ ಆ್ಯಪ್, ಹಾಕಿಕೊಂಡು ನೋಡಿ. ಕೋವಿ ಬೇಕಾಗಿಲ್ಲ.

ದೂರದ ಗುರಿಗೆ ಹೊಡೆಯುವ ಸ್ಪರ್ಧಿಗಳು ಬಳಸುವ ಆ್ಯಪ್ ಇದು. ಗುಂಡಿನ ತೂಕ, ಆಕಾರ, ನಳಿಗೆ ಬಿಡುವಾಗಿನ ವೇಗ, ದೂರ, ಉಷ್ಣತೆ, ಗಾಳಿಯ ಒತ್ತಡ, ತೇವ ಇಷ್ಟು ತುಂಬಿದರೆ, ಗುಂಡು ಬೀಳುವಷ್ಟು ಮೇಲಕ್ಕೆ ಗುರಿ ಹಿಡಿಯಲು ಕೋವಿಯ ಮೇಲಿನ ದುರ್ಬೀನಾದ ಸ್ಕೋಪಿನ ತಿರುಗಣೆಯನ್ನು ಎಷ್ಟು ಕ್ಲಿಕ್ ತಿರುಗಿಸಬೇಕು ಎಂದು ಹೇಳುತ್ತದೆ. ನಮ್ಮ ಕರಾವಳಿಯ ಮಕ್ಕಳು ಹೆಚ್ಚಾಗಿ ಅಭ್ಯಾಸ ಮಾಡುವ 10 ಮೀಟರ್ ಏರ್ ರೈಫಲ್‌ಗೆ ಇದು ಬೇಡ. ಇಂಗ್ಲೆಂಡಿನ ಬಿಸ್ಲೆಯಂಥ ಕಡೆ 1000 ಗಜ, ಅಂದರೆ 914 ಮೀಟರ್ ದೂರದ ಗುರಿ ಇರುತ್ತದೆ. ಅಲ್ಲಿ ಇದಿಲ್ಲದೆ ಕಷ್ಟ.

ಕಷ್ಟ ಕೊಡುವುದು ಗುರುತ್ವ ಎಂದು ಎಲ್ಲರೂ ತಿಳಿಯುತ್ತಾರೆ. ಅಲ್ಲ, ಗಾಳಿ. ಸೆಕೆಂಡಿಗೆ 790 ಮೀಟರ್ ವೇಗದಲ್ಲಿ ಹೊರಟ ಗುಂಡು ಗಾಳಿಯೇ ಇಲ್ಲದ ನಿರ್ವಾತದಲ್ಲಿ 914 ಮೀಟರನ್ನು 1.16 ಸೆಕೆಂಡಿನಲ್ಲಿ ದಾಟಿ, ಸುಮಾರು 6.6 ಮೀಟರ್ ಬೀಳುತ್ತಿತ್ತು. ನಿಜದಲ್ಲಿ ಒಂದೂವರೆ ಸೆಕೆಂಡಿಗೂ ಜಾಸ್ತಿ ಬೇಕು, ಬೀಳುವುದು ಹತ್ತು ಮೀಟರಿಗೂ ಜಾಸ್ತಿ. ನಳಿಗೆ ಬಿಟ್ಟ ಕ್ಷಣ ಗಾಳಿ ಆ ಗುಂಡನ್ನು ಹಿಂದಕ್ಕೆ ತಡೆಯುವ ಬಲ ಅದರ ತೂಕದ ಸುಮಾರು ನಲವತ್ತು ಪಟ್ಟು!

ಇದನ್ನು ಮೊದಲು ಸರಿಯಾಗಿ ಅಳೆದು ತೋರಿಸಿದವರು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೂಗುಹಾಕಿದ ದಪ್ಪ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದೆ ತೂಗಿತು ಎಂದು ನೋಡಿ ವೇಗ ಕಂಡುಹಿಡಿದರು. ಹತ್ತಿರದಿಂದ ಒಮ್ಮೆ, ದೂರದಿಂದ ಒಮ್ಮೆ ಹೊಡೆದರೆ ನಡುವೆ ಗಾಳಿ ಕಿತ್ತುಕೊಂಡ ವೇಗ ಎಷ್ಟು ಎಂದು ಗೊತ್ತಾಗುತ್ತದೆ. ಪುಸ್ತಕ ಬಂದದ್ದು 1742ರಲ್ಲಿ. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದ ಅವರು 1751ರಲ್ಲಿ ತೀರಿಕೊಂಡದ್ದು ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ. ನಮ್ಮ ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕಾವಲು ಬುರುಜು ಎದ್ದದ್ದು 1784ರಲ್ಲಿ. ಅಷ್ಟು ಹೊತ್ತಿಗೆ ಆ ಪುಸ್ತಕಕ್ಕೆ ನಲವತ್ತು ದಾಟಿತ್ತು.

ಆಮೇಲೆ ಉಳಿದದ್ದು ಲೆಕ್ಕದ ದುಡಿಮೆ. ಗುಂಡಿನ ದಾರಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ತಡೆ ಎಷ್ಟು, ಹೊಸ ವೇಗ ಎಷ್ಟು ಎಂದು ಕೂಡಿಸುತ್ತಾ ಹೋಗಬೇಕು. ಫಿರಂಗಿಯ ಒಂದೇ ಒಂದು ದಾರಿಗೆ ಡೆಸ್ಕ್ ಕ್ಯಾಲ್ಕುಲೇಟರ್ ಹಿಡಿದು ಕೂತರೆ ಸುಮಾರು 20 ಗಂಟೆ. ಅಮೆರಿಕದ ಎನಿಯಾಕ್ ಕಂಪ್ಯೂಟರನ್ನು ಕಟ್ಟಲು ಹೊರಟದ್ದೇ ಈ ಕೆಲಸಕ್ಕೆ. 1946ರಲ್ಲಿ ಅದು ಜನರ ಮುಂದೆ ಬಂದಾಗ ಅದೇ ಲೆಕ್ಕ ಅರ್ಧ ನಿಮಿಷದಲ್ಲಿ ಮುಗಿಯಿತು. ಈಗ ಜೇಬಿನ ಮೊಬೈಲು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ.

ಸರಿ, ಆ್ಯಪಿನಲ್ಲಿ ದೂರ 1000 ಗಜ, ಉಷ್ಣತೆ 32 ಡಿಗ್ರಿ, ಒತ್ತಡ 1013 ಹೆಕ್ಟೋಪ್ಯಾಸ್ಕಲ್ ಕೊಡಿ. ತೇವವನ್ನು ಸೊನ್ನೆಯಿಂದ 80ಕ್ಕೆ ಏರಿಸಿ. ಕ್ಲಿಕ್ ಜಾಸ್ತಿ ಆಗುವುದಿಲ್ಲ, ಒಂದೆರಡು ಕಡಿಮೆಯಾಗುತ್ತದೆ. ಗುಂಡಿಗೆ ತಡೆ ಇಳಿದಿದೆ ಎಂದರ್ಥ.

ಯಾಕೆ? ಉಷ್ಣತೆ, ಒತ್ತಡ ಒಂದೇ ಇದ್ದರೆ ಒಂದು ಪೆಟ್ಟಿಗೆಯಲ್ಲಿ ಹಿಡಿಯುವ ಅಣುಗಳ ಸಂಖ್ಯೆಯೂ ಒಂದೇ. 1811ರಲ್ಲಿ ಇಟಲಿಯ ವಿಜ್ಞಾನಿ ಅವೊಗಾಡ್ರೊ ಹೇಳಿದ ಮಾತು ಇದು. ಹಾಗಾಗಿ ನೀರಿನ ಅಣು ಒಳಗೆ ಬಂದರೆ ಬೇರೊಂದು ಅಣು ಹೊರಗೆ ಹೋಗಲೇಬೇಕು. ಸ್ಟೇಟ್ ಬ್ಯಾಂಕಿನಿಂದ ಹೊರಟ ಸಿಟಿ ಬಸ್ಸಿನಲ್ಲಿ ಎಲ್ಲ ಸೀಟೂ ತುಂಬಿದೆ ಅಂದುಕೊಳ್ಳಿ. ಹಂಪನಕಟ್ಟೆಯಲ್ಲಿ ಒಬ್ಬ ದಪ್ಪ ಆಸಾಮಿ ಇಳಿದ, ಆ ಸೀಟಿಗೆ ಒಂದು ಮಗು ಹತ್ತಿತು. ಜನ ಅಷ್ಟೇ, ಬಸ್ಸಿನ ಭಾರ ಕಡಿಮೆ. ನೈಟ್ರೋಜನ್ ಅಣುವಿನ ತೂಕ 28, ಆಮ್ಲಜನಕದ್ದು 32, ನೀರಿನದ್ದು ಬರೀ 18. 32 ಡಿಗ್ರಿಯಲ್ಲಿ 80 ಶೇಕಡಾ ತೇವ ಇದ್ದರೆ ಗಾಳಿ ಸುಮಾರು ಒಂದೂವರೆ ಶೇಕಡಾ ಹಗುರ. ನಮಗೆ ಭಾರ ಅನ್ನಿಸುವುದು ಬೆವರು ಆರದೆ ಇರುವುದರಿಂದ. ಅದು ಚರ್ಮದ ಸಮಾಚಾರ, ಗಾಳಿಯ ತೂಕದ್ದಲ್ಲ.

ಆದರೆ ತೇವದ ಪಾಲು ಸಣ್ಣದು. ಸಾವಿರ ಗಜದಲ್ಲಿ ಒಂದು ಗೇಣೂ ಆಗದು. ದೊಡ್ಡ ಅವಾಂತರ ಒತ್ತಡದಲ್ಲಿ. ಹವಾಮಾನ ವರದಿ ಕೊಡುವುದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ. ಮಂಗಳೂರಿನಲ್ಲಿ ಅದನ್ನೇ ತುಂಬಿದರೆ ತೊಂದರೆಯಿಲ್ಲ, ನಾವು ಕಡಲ ಬದಿಯಲ್ಲೇ ಇದ್ದೇವಲ್ವಾ? ಆದರೆ ಬೆಂಗಳೂರು 900 ಮೀಟರಿಗೂ ಎತ್ತರ. ಅಲ್ಲಿ ನಿಜದ ಒತ್ತಡ ಸುಮಾರು 910. ವರದಿಯ 1013 ಹಾಗೇ ತುಂಬಿದರೆ ಆ್ಯಪ್ ಗಾಳಿಯನ್ನು ಶೇಕಡಾ ಹತ್ತಕ್ಕೂ ಜಾಸ್ತಿ ದಟ್ಟ ಎಂದುಕೊಳ್ಳುತ್ತದೆ. ಗುಂಡು ಗುರಿಗಿಂತ ಅರ್ಧ ಮೀಟರಿಗೂ ಮೇಲೆ ಹಾರಿ ಹೋಗುತ್ತದೆ. ಆಗ ಬೈಗುಳ ತಿನ್ನುವುದು ಆ್ಯಪ್, ಇಲ್ಲವೇ ಕೋವಿ. ನಿಂತ ಜಾಗದ ಒತ್ತಡವನ್ನೇ ಕೊಡಬೇಕು. ಎಷ್ಟೋ ಮೊಬೈಲುಗಳಲ್ಲಿ ಅದನ್ನು ಅಳೆಯುವ ಸೆನ್ಸರ್ ಇರುತ್ತದೆ.

ಅಡ್ಡಗಾಳಿಯ ಮುಂದೆ ಮಾತ್ರ ಯಾವ ಸೆನ್ಸರೂ ಸಾಲದು. ಸೆಕೆಂಡಿಗೆ ನಾಲ್ಕೂವರೆ ಮೀಟರಿನ ಗಾಳಿ, ಅಂದರೆ ಪಣಂಬೂರಿನಲ್ಲಿ ಮಧ್ಯಾಹ್ನ ಮೇಲೆ ಸಾಮಾನ್ಯವಾಗಿ ಬೀಸುವಂಥದ್ದು, ಆ ಗುಂಡನ್ನು ಎರಡು ಮೀಟರಿಗೂ ಜಾಸ್ತಿ ಪಕ್ಕಕ್ಕೆ ಒಯ್ಯುತ್ತದೆ. ಅದೂ ದಾರಿಯುದ್ದಕ್ಕೂ ಒಂದೇ ಸಮ ಇರುವುದಿಲ್ಲ. ಆ್ಯಪಿನ ಆ ಖಾನೆಗೆ ಸುಮ್ನೆ ಒಂದು ಅಂಕಿ ತುಂಬಿ ನಂಬಬೇಡಿ. ಕಡಿಮೆ ಎಂದರೆ ಎಷ್ಟು, ಜಾಸ್ತಿ ಎಂದರೆ ಎಷ್ಟು ಎಂದು ಎರಡನ್ನೂ ಕೊಟ್ಟು ನೋಡಿ. ಆ ಎರಡು ಉತ್ತರಗಳ ನಡುವಿನ ಅಂತರವನ್ನು ಬಾವುಟ ನೋಡಿ, ದುರ್ಬೀನಿನಲ್ಲಿ ಬಿಸಿಗಾಳಿಯ ಅಲೆ ನೋಡಿ ಶೂಟರೇ ತುಂಬಬೇಕು.