ಕೋಚ್ ಜೊತೆ ಜಗಳವಾಡಿದ ಆಟಗಾರನನ್ನು ಕ್ಲಬ್ ಯಾಕೆ ಕಿತ್ತುಹಾಕುವುದಿಲ್ಲ?

ಪ್ರಶ್ನೆ: ಕೋಚ್ ಮಾತು ಕೇಳದ ಫುಟ್‌ಬಾಲ್ ಆಟಗಾರನಿಗೆ ವಾರ ವಾರ ಲಕ್ಷಗಟ್ಟಲೆ ಪೌಂಡ್ ಸಂಬಳ ಕೊಟ್ಟು ಯಾಕೆ ಇಟ್ಟುಕೊಳ್ಳುತ್ತಾರೆ? ಮರುದಿನವೇ ಮನೆಗೆ ಕಳಿಸಬಾರದೇ?

ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ರೊನಾಲ್ಡೊ ಗಲಾಟೆಯಾದಾಗ ಈ ಪ್ರಶ್ನೆ ಬಂತು. ಅದೇ ಕ್ಲಬ್‌ನ ಸಾಂಚೊ ವಿಷಯದಲ್ಲೂ ಬಂತು. ಪ್ರತಿ ಋತುವಿನಲ್ಲಿ ಹೆಸರು ಮಾತ್ರ ಬೇರೆ, ಪ್ರಶ್ನೆ ಅದೇ. ಒಂದೊಂದು ಸಲ ಒಂದೊಂದು ತುಂಡು ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದಿಡುತ್ತಿದ್ದೇನೆ, ಮುಂದಿನ ಜಗಳಕ್ಕೂ ಇದೇ ಉತ್ತರ.

ಚಿಕ್ಕದಾಗಿ ಹೇಳುವುದಾದರೆ, ಕೋಚ್ ಕೈಯಲ್ಲಿರುವುದು ಆಡುವವರ ಪಟ್ಟಿ. ಕರಾರು ಇರುವುದು ಕ್ಲಬ್ ಮತ್ತು ಆಟಗಾರನ ನಡುವೆ. ಆ ಕರಾರನ್ನು ಹರಿಯುವ ಅಧಿಕಾರ ಕೋಚ್‌ಗೆ ಇಲ್ಲ. ಕ್ಲಬ್‌ಗೆ ಇದೆಯಾದರೂ, ಅದನ್ನು ಬಳಸಿದರೆ ಬಹುತೇಕ ಸಲ ನಷ್ಟ ಕ್ಲಬ್‌ಗೇ.

"ಕ್ಲಬ್‌ಗೆ ಧೈರ್ಯ ಇಲ್ಲ, ಸ್ಟಾರ್‌ಗೆ ಹೆದರುತ್ತಾರೆ" ಎಂಬ ಮಾತು ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಚೆನ್ನಾಗಿ ಆಟ ನೋಡುವವರೂ ಅದನ್ನೇ ಹೇಳುತ್ತಾರೆ. ಹಾಗಾಗಿ ಮೊದಲು ಅದನ್ನೇ ಕೈಗೆತ್ತಿಕೊಳ್ಳೋಣ. ಇದಕ್ಕೆ ಮ್ಯಾಂಚೆಸ್ಟರ್ ಸಿಟಿಯ ಸ್ಟ್ರೈಕರ್ ಕಾರ್ಲೋಸ್ ಟೆವೆಜ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ.

2011ರ ಸೆಪ್ಟೆಂಬರ್ 27, ಮ್ಯೂನಿಕ್. ಚಾಂಪಿಯನ್ಸ್ ಲೀಗ್‌ನಲ್ಲಿ ಬಾಯರ್ನ್ ಎದುರು ಮ್ಯಾಂಚೆಸ್ಟರ್ ಸಿಟಿ 2-0ಯಿಂದ ಸೋತಿತು. ಟೆವೆಜ್ ಮೈದಾನಕ್ಕಿಳಿಯಲು ಒಪ್ಪಲಿಲ್ಲ ಎಂದು ಕೋಚ್ ರಾಬರ್ಟೊ ಮಾನ್ಚಿನಿ ಪಂದ್ಯ ಮುಗಿದ ಕೂಡಲೇ ಟಿವಿ ಕ್ಯಾಮೆರಾ ಮುಂದೆ ಹೇಳಿದರು. ತಾನಿರುವ ತನಕ ಅವನು ಈ ತಂಡಕ್ಕೆ ಆಡುವುದಿಲ್ಲ ಎಂಬ ಧಾಟಿಯಲ್ಲೇ ಮಾತಾಡಿದರು. ತಾನು ಆಡಲು ನಿರಾಕರಿಸಿಲ್ಲ, ಬೆಂಚ್‌ನಲ್ಲಿ ಗೊಂದಲವಾಯಿತು ಎಂದು ಟೆವೆಜ್ ವಾದಿಸಿದ. ಇಂಥದ್ದು ನಮ್ಮ ಕಣ್ಣಿಗೆ ಅಲ್ಲಿಗೇ ಮುಗಿದ ಕಥೆ. ಕ್ಲಬ್‌ನ ವಕೀಲರಿಗೆ ಕೆಲಸ ಶುರುವಾಗುವುದೇ ಅಲ್ಲಿಂದ.

ಯಾಕೆಂದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಎಲ್ಲ ಕ್ಲಬ್‌ಗಳಿಗೂ ಒಂದೇ ಮಾದರಿ ಕರಾರು. ಅದರ ಅನುಬಂಧದಲ್ಲಿ ಶಿಸ್ತುಕ್ರಮ ಹೇಗೆ ನಡೆಯಬೇಕು ಎಂದು ಹಂತ ಹಂತವಾಗಿ ಬರೆದಿದೆ. ದೂರು ಬಂದರೆ ತನಿಖೆ ಆಗಬೇಕು. ತನಿಖೆ ನಡೆಯುವಾಗ ಆಟಗಾರನನ್ನು 14 ದಿನದವರೆಗೆ ಅಮಾನತಿನಲ್ಲಿಡಬಹುದು, ಆ ಅವಧಿಗೆ ಮೂಲ ಸಂಬಳ ಪೂರ್ತಿ ಕೊಡಬೇಕು. ಆರೋಪ ಏನೆಂದು ಅವನಿಗೆ ತಿಳಿಸಿ ವಿಚಾರಣೆ ಮಾಡಬೇಕು. ವಿಚಾರಣೆಗೆ ಆಟಗಾರರ ಸಂಘವಾದ ಪಿಎಫ್‌ಎ ಪ್ರತಿನಿಧಿಯನ್ನು ಅವನು ಜೊತೆಗೆ ಕರೆತರಬಹುದು. ತಪ್ಪು ಸಾಬೀತಾದರೆ ಬಾಯಿಮಾತಿನ ಎಚ್ಚರಿಕೆ, ಲಿಖಿತ ಎಚ್ಚರಿಕೆ, ಕೊನೆಯ ಎಚ್ಚರಿಕೆ, ದಂಡ, ನಾಲ್ಕು ವಾರದವರೆಗೆ ಕ್ಲಬ್ ಆವರಣಕ್ಕೆ ಕಾಲಿಡದಂತೆ ಆದೇಶ, ಹೀಗೆ ಶಿಕ್ಷೆಗಳ ಏಣಿಯಿದೆ. ಒಪ್ಪದಿದ್ದರೆ ಆಡಳಿತ ಮಂಡಳಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ ಲೀಗ್‌ಗೆ.

ದಂಡಕ್ಕೂ ಮಿತಿಯಿದೆ. ಮೊದಲ ತಪ್ಪಿಗೆ ಹೆಚ್ಚೆಂದರೆ ಎರಡು ವಾರದ ಮೂಲ ಸಂಬಳ. ಹನ್ನೆರಡು ತಿಂಗಳೊಳಗೆ ಮತ್ತೆ ತಪ್ಪು ಮಾಡಿದರೆ ನಾಲ್ಕು ವಾರದವರೆಗೆ. ಮೊದಲ ತಪ್ಪಿಗೇ ಎರಡು ವಾರ ಮೀರಿ ದಂಡ ಹಾಕಬೇಕಿದ್ದರೆ ಪಿಎಫ್‌ಎ ಒಪ್ಪಬೇಕು. "ಮೂರು ತಿಂಗಳ ಸಂಬಳ ಕಟ್ ಮಾಡಬೇಕಿತ್ತು" ಎನ್ನುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಟೆವೆಜ್ ಪ್ರಕರಣದಲ್ಲಿ ಇದೇ ಆಯಿತು. ಸಿಟಿ ಅವನನ್ನು ಅಮಾನತಿನಲ್ಲಿಟ್ಟು ತನಿಖೆ ನಡೆಸಿತು, ಕರಾರು ಉಲ್ಲಂಘಿಸಿದ್ದಾನೆ ಎಂದು ತೀರ್ಮಾನಿಸಿತು, ನಾಲ್ಕು ವಾರದ ಸಂಬಳ ದಂಡ ಹಾಕಲು ಹೊರಟಿತು. ಪಿಎಫ್‌ಎ ಒಪ್ಪಲಿಲ್ಲ. ಆಡಲು ನಿರಾಕರಿಸಿದ ಎಂಬುದು ಅಲ್ಲಿ ರುಜುವಾತಾಗಿಲ್ಲ ಎಂಬುದು ಸಂಘದ ನಿಲುವಾಗಿತ್ತು. ದಂಡ ಎರಡು ವಾರಕ್ಕೆ ಇಳಿಯಿತು. ಕೋಟ್ಯಂತರ ಜನ ಟಿವಿಯಲ್ಲಿ ನೋಡಿದ, ಕೋಚ್ ಸ್ವತಃ ಸಾಕ್ಷಿ ಹೇಳಿದ ಘಟನೆಗೆ ಎರಡು ವಾರ!

ಆದರೆ ನವೆಂಬರ್‌ನಲ್ಲಿ ಅವನು ಅನುಮತಿಯಿಲ್ಲದೆ ಅರ್ಜೆಂಟೀನಾಕ್ಕೆ ಹೋಗಿ ಅಲ್ಲೇ ಉಳಿದ. ಈಗ ವಿಷಯ ಬೇರೆಯಾಯಿತು. ಕೆಲಸಕ್ಕೆ ಹಾಜರಾಗದಿರುವುದಕ್ಕೆ ವ್ಯಾಖ್ಯಾನದ ಗೊಂದಲವಿಲ್ಲ, ಹಾಜರಿ ಪುಸ್ತಕವೇ ಸಾಕ್ಷಿ. ಕ್ಲಬ್ ಅದನ್ನು ಘೋರ ದುರ್ವರ್ತನೆ ಎಂದು ಪರಿಗಣಿಸಿ ಆರು ವಾರದ ಸಂಬಳ ದಂಡ ಹಾಕಿತು. ಕರಾರಿನ ಪ್ರಕಾರ ಕೆಲಸದಿಂದ ತೆಗೆಯಬಹುದಾದಷ್ಟು ದೊಡ್ಡ ತಪ್ಪಿಗೆ, ತೆಗೆಯುವ ಬದಲು ಹಾಕಬಹುದಾದ ಗರಿಷ್ಠ ದಂಡವೇ ಆ ಆರು ವಾರ. ಸಂಬಳ, ದಂಡ, ಬೋನಸ್ ಎಲ್ಲ ಸೇರಿ ಅವನು ಕಳೆದುಕೊಂಡದ್ದು ಸುಮಾರು 93 ಲಕ್ಷ ಪೌಂಡ್ ಎಂದು ಆಗ ವರದಿಯಾಗಿತ್ತು. ಬೆಂಚ್‌ನಲ್ಲಿ ಮಾಡಿದ ರಂಪಕ್ಕಿಂತ ಗಾಲ್ಫ್ ಆಡುತ್ತ ಊರಲ್ಲಿ ಕೂತದ್ದು ಅವನಿಗೆ ಎಷ್ಟೋ ಪಾಲು ದುಬಾರಿಯಾಯಿತು.

ಆಗಲಾದರೂ ತೆಗೆದುಹಾಕಬಹುದಿತ್ತಲ್ಲ ಎಂದು ಕೇಳುತ್ತೀರಿ. ಕಾನೂನು ಬಿಡುತ್ತಿತ್ತು ಎಂದೇ ಇಟ್ಟುಕೊಳ್ಳಿ. ತೆಗೆದ ಗಳಿಗೆಯಲ್ಲಿ ಅವನು ಸ್ವತಂತ್ರ, ಯಾವ ಕ್ಲಬ್‌ಗೆ ಬೇಕಾದರೂ ಹೋಗಬಹುದು. ಅವನನ್ನು ಮಾರಿದರೆ ಬರುವ ದುಡ್ಡು ಹೋಯಿತು. ಎದುರಾಳಿ ತಂಡಕ್ಕೆ ಒಬ್ಬ ಸ್ಟ್ರೈಕರ್ ಪುಕ್ಕಟೆ ಸಿಕ್ಕಂತಾಯಿತು. ಸಿಟಿ ಕಾದಿತು. 2012ರ ಫೆಬ್ರವರಿಯಲ್ಲಿ ಟೆವೆಜ್ ವಾಪಸ್ ಬಂದು ಕ್ಷಮೆ ಕೇಳಿದ. ಮಾರ್ಚ್ 21ರಂದು ಚೆಲ್ಸಿ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಸಹ ಆಟಗಾರ ನಾಸ್ರಿಯ ಗೆಲುವಿನ ಗೋಲಿಗೆ ಪಾಸ್ ಕೊಟ್ಟ. ಏಪ್ರಿಲ್‌ನಲ್ಲಿ ನಾರ್ವಿಚ್ ಮೇಲೆ ಹ್ಯಾಟ್ರಿಕ್ ಹೊಡೆದ. ಮೇ 13ರಂದು ಸಿಟಿ ಗೋಲು ವ್ಯತ್ಯಾಸದ ಮೇಲೆ ಲೀಗ್ ಗೆದ್ದಿತು. ಆ ಋತುವಿನಲ್ಲಿ ಒಂದೊಂದು ಗೋಲು, ಒಂದೊಂದು ಅಂಕ ಎಷ್ಟು ಬೆಲೆಬಾಳುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ. ಸರಿಯಾಗಿ ಒಂದು ವರ್ಷದ ನಂತರ, 2013ರ ಮೇ 13ರಂದು, ಕೆಲಸ ಕಳೆದುಕೊಂಡದ್ದು ಮಾನ್ಚಿನಿ. ಟೆವೆಜ್‌ನನ್ನು ಅದೇ ಬೇಸಿಗೆಯಲ್ಲಿ ಜುವೆಂಟಸ್ ದುಡ್ಡು ಕೊಟ್ಟು ಕೊಂಡಿತು. ಇದನ್ನು ಹೆದರಿಕೆ ಎನ್ನುವುದು ಹೇಗೆ?

ದುಡ್ಡಿನ ಲೆಕ್ಕವನ್ನು ಇನ್ನೂ ಬಿಡಿಸಿ ನೋಡೋಣ, ಏಕೆಂದರೆ ಎಡವುವುದು ಇಲ್ಲೇ. ಐಪಿಎಲ್ ನೋಡಿ ಬೆಳೆದ ನಮಗೆ ಋತು ಮುಗಿದ ಮೇಲೆ ಆಟಗಾರನನ್ನು ಬಿಟ್ಟುಕೊಡುವುದು ಸಹಜ ಎನ್ನಿಸುತ್ತದೆ. ಫುಟ್‌ಬಾಲ್‌ನಲ್ಲಿ ಖರೀದಿಯ ಹಣವನ್ನು ಲೆಕ್ಕಪುಸ್ತಕದಲ್ಲಿ ಕರಾರಿನ ವರ್ಷಗಳಿಗೆ ಹಂಚುತ್ತಾರೆ. ಜೇಡನ್ ಸಾಂಚೊನನ್ನು 2021ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸುಮಾರು 7.3 ಕೋಟಿ ಪೌಂಡ್‌ಗೆ ಐದು ವರ್ಷದ ಕರಾರಿನ ಮೇಲೆ ತಂದಿತು. ವರ್ಷಕ್ಕೆ 1.46 ಕೋಟಿಯಂತೆ, ಎರಡು ವರ್ಷ ಕಳೆದು 2023ರಲ್ಲಿ ಜಗಳವಾಗುವ ಹೊತ್ತಿಗೆ ಪುಸ್ತಕದಲ್ಲಿ ಇನ್ನೂ ಸುಮಾರು 4.38 ಕೋಟಿ ಉಳಿದಿತ್ತು. ಕರಾರು ಹರಿದರೆ ಅಷ್ಟೂ ಒಂದೇ ಸಲ ನಷ್ಟದ ಖಾತೆಗೆ. ಕ್ಲಬ್‌ಗಳ ಹಣಕಾಸಿಗೆ ಲೀಗ್ ಹಾಕುವ ಮಿತಿಯ ಅಂಚಿನಲ್ಲಿ ನಡೆಯುವ ಕ್ಲಬ್‌ಗೆ ಇದು ಸಣ್ಣ ಪೆಟ್ಟಲ್ಲ.

ಇದರ ಮೇಲೆ, ತೆಗೆದುಹಾಕಿದ್ದು ಅನ್ಯಾಯ ಎಂದು ತೀರ್ಪಾದರೆ ಉಳಿದ ಅವಧಿಯ ಸಂಬಳವೇ ಪರಿಹಾರದ ಲೆಕ್ಕಕ್ಕೆ ಬುನಾದಿ. ವಾರಕ್ಕೆ ಒಂದು ಲಕ್ಷ ಪೌಂಡ್ ಪಡೆಯುವವನಿಗೆ ಮೂರು ವರ್ಷ ಬಾಕಿಯಿದ್ದರೆ ಅದೇ 1.56 ಕೋಟಿ. ಜಗಳವಾಡಿದ್ದಕ್ಕೆ ಬಹುಮಾನ ಕೊಟ್ಟಂತೆ.

ಹಾಗಾದರೆ ಕ್ಲಬ್ ಯಾವಾಗ ನಿಜಕ್ಕೂ ಕಿತ್ತುಹಾಕುತ್ತದೆ? ಚೆಲ್ಸಿ 2004ರ ಅಕ್ಟೋಬರ್‌ನಲ್ಲಿ ತನ್ನ ಆಟಗಾರ ಏಡ್ರಿಯನ್ ಮುಟುವನ್ನು ತೆಗೆಯಿತು. ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದ. ಅಲ್ಲಿ ಪ್ರಯೋಗಾಲಯದ ವರದಿಯಿತ್ತು, ವಾದಕ್ಕೆ ಜಾಗವಿರಲಿಲ್ಲ. ಫಿಫಾ 2008ರಲ್ಲಿ ಸುಮಾರು 1.7 ಕೋಟಿ ಯೂರೊ ಪರಿಹಾರವನ್ನು ಮುಟುವೇ ಚೆಲ್ಸಿಗೆ ಕೊಡಬೇಕೆಂದು ಹೇಳಿತು, ಮರುವರ್ಷ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಇಂಥ ಗಟ್ಟಿ ಸಾಕ್ಷ್ಯ ಇದ್ದಾಗ ಕ್ಲಬ್ ಹಿಂದೆಮುಂದೆ ನೋಡುವುದಿಲ್ಲ. ಡ್ರೆಸಿಂಗ್ ರೂಮಿನ ಮಾತಿನ ಚಕಮಕಿ ಆ ಮಟ್ಟದ್ದಲ್ಲ.

ಇನ್ನು ಕೋಚ್ ಕೈಯಲ್ಲಿ ಏನಿದೆ? ಕಡಿಮೆಯೇನಿಲ್ಲ. ಹನ್ನೊಂದರಲ್ಲಿ ಯಾರು, ಬೆಂಚ್‌ನಲ್ಲಿ ಯಾರು, ನಾಯಕನ ಪಟ್ಟಿ ಯಾರ ತೋಳಿಗೆ, ಯಾರು ಯಾರ ಜೊತೆ ಅಭ್ಯಾಸ ಮಾಡಬೇಕು ಎಂಬುದೆಲ್ಲ ಅವನ ಮಾತು. ಅಭ್ಯಾಸದಲ್ಲಿ ಮಟ್ಟ ಸಾಲಲಿಲ್ಲ ಎಂದು ಯುನೈಟೆಡ್ ಕೋಚ್ ಟೆನ್ ಹಾಗ್ ಆರ್ಸೆನಲ್ ಪಂದ್ಯಕ್ಕೆ ಸಾಂಚೊನನ್ನು ತಂಡದಿಂದ ಕೈಬಿಟ್ಟರು. ತನ್ನನ್ನು ಬಲಿಪಶು ಮಾಡುತ್ತಿದ್ದಾರೆ ಎಂದು ಅವನು ಬಹಿರಂಗವಾಗಿ ಬರೆದ. ಕೆಲವೇ ದಿನಗಳಲ್ಲಿ ಅವನು ಮೊದಲ ತಂಡದಿಂದ ದೂರ ಅಭ್ಯಾಸ ಮಾಡುತ್ತಾನೆ ಎಂದು ಕ್ಲಬ್ ಪ್ರಕಟಿಸಿತು. 2024ರ ಜನವರಿಯಲ್ಲಿ ತಾತ್ಕಾಲಿಕವಾಗಿ (ಲೋನ್ ಮೇಲೆ) ಜರ್ಮನಿಯ ಡಾರ್ಟ್‌ಮುಂಡ್ ಕ್ಲಬ್‌ಗೆ ಹೋದವನು ಜೂನ್ 1ರಂದು ವೆಂಬ್ಲಿಯಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ಆಡಿದ. ಟೆನ್ ಹಾಗ್ ಅದೇ ವರ್ಷದ ಅಕ್ಟೋಬರ್ 28ರಂದು ಹೊರಗೆ.

ಸಣ್ಣಪುಟ್ಟ ಅಶಿಸ್ತಿಗೆ ಇನ್ನೊಂದು ದಾರಿಯಿದೆ. ಋತುವಿನ ಆರಂಭದಲ್ಲಿ ಕೋಚ್ ಮತ್ತು ಆಟಗಾರರು ಕೂತು ದಂಡದ ಪಟ್ಟಿ ಒಪ್ಪಿಕೊಳ್ಳುತ್ತಾರೆ. ಲ್ಯಾಂಪಾರ್ಡ್ ಕೋಚ್ ಆಗಿದ್ದ ಕಾಲದ ಚೆಲ್ಸಿ ಪಟ್ಟಿ 2019ರಲ್ಲಿ ಬಯಲಾಗಿತ್ತು: ಅಭ್ಯಾಸಕ್ಕೆ ತಡವಾದರೆ 20,000 ಪೌಂಡ್, ತಂಡದ ಊಟ ಅಥವಾ ಸಭೆಯಲ್ಲಿ ಫೋನ್ ಬಡಿದುಕೊಂಡರೆ 1,000, ಹದಿನಾಲ್ಕು ದಿನದಲ್ಲಿ ಕಟ್ಟದಿದ್ದರೆ ದುಪ್ಪಟ್ಟು. ಕರಾರಿನ ಶಿಸ್ತುಕ್ರಮವೇ ಬೇರೆ, ಈ ಪಟ್ಟಿಯೇ ಬೇರೆ. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗೊಂದಲ.

ಎರಡೂ ಕಡೆಗೆ ಸಾಕಾದಾಗ ಪರಸ್ಪರ ಒಪ್ಪಿಗೆಯ ಬಿಡುಗಡೆ ನಡೆಯುತ್ತದೆ. ರೊನಾಲ್ಡೊ 2022ರ ಅಕ್ಟೋಬರ್ 19ರಂದು ಟಾಟನಂ ಪಂದ್ಯದಲ್ಲಿ ಬದಲಿಯಾಗಿ ಇಳಿಯಲು ಒಪ್ಪದೆ, ಆಟ ಮುಗಿಯುವ ಮೊದಲೇ ಹೊರನಡೆದ. ಆಗ ಚೆಲ್ಸಿ ಪಂದ್ಯಕ್ಕೆ ತಂಡದಿಂದ ಕೈಬಿಟ್ಟರು. ಆಮೇಲೆ ಟಿವಿ ಸಂದರ್ಶನದಲ್ಲಿ ಕೋಚ್ ಮೇಲೆ ಗೌರವವಿಲ್ಲ ಎಂದ ಮೇಲೆ, ನವೆಂಬರ್ 22ರಂದು ಕರಾರು ಕೊನೆಗೊಂಡಿತು. ಆರ್ಸೆನಲ್‌ನಲ್ಲಿ ಔಬಮೆಯಾಂಗ್ 2021ರ ಡಿಸೆಂಬರ್‌ನಲ್ಲಿ ನಾಯಕತ್ವ ಕಳೆದುಕೊಂಡು, ಕರಾರು ಬಾಕಿಯಿರುವಾಗಲೇ ಪುಕ್ಕಟೆಯಾಗಿ ಬಾರ್ಸಿಲೋನಾಕ್ಕೆ ಹೋದ. ಇಂಥ ಒಪ್ಪಂದದಲ್ಲಿ ಆಟಗಾರ ಬಾಕಿ ಸಂಬಳದಲ್ಲಿ ಬಿಟ್ಟುಕೊಡುತ್ತಾನೆ, ಕ್ಲಬ್ ಮಾರಾಟದ ಹಣ ಬಿಟ್ಟುಕೊಡುತ್ತದೆ. ಸಂಬಳದ ಹೊರೆ ಇಳಿಯುವುದೇ ಲಾಭ ಎನ್ನಿಸಿದಾಗ ಮಾತ್ರ ಕ್ಲಬ್ ಸಹಿ ಹಾಕುತ್ತದೆ.

ಯಾರೂ ಸರಿಯಾಗಿ ಕೇಳದ, ಆದರೆ ಕೇಳಲೇಬೇಕಾದ ಒಂದು ಪ್ರಶ್ನೆಯೂ ಇದೆ. ಕೋಚ್ ಹೊರಗೆ ಕರೆದಾಗ ಆಟಗಾರ ಬರದಿದ್ದರೆ ಏನು? 2019ರ ಫೆಬ್ರವರಿ 24ರಂದು ಲೀಗ್ ಕಪ್ ಫೈನಲ್‌ನಲ್ಲಿ ಚೆಲ್ಸಿ ಗೋಲ್‌ಕೀಪರ್ ಕೆಪಾ ಹಾಗೇ ಮಾಡಿದ. ಕೋಚ್ ಸರ್ರಿ ಕಬಾಯೆರೊನನ್ನು ಸಿದ್ಧಮಾಡಿ ನಿಲ್ಲಿಸಿದ್ದರು. ಕೆಪಾ ಕೈಯಾಡಿಸಿ ಬರುವುದಿಲ್ಲ ಎಂದ. ರೆಫರಿ ಯಾಕೆ ಹೊರಹಾಕಲಿಲ್ಲ ಎಂದು ಜನ ರೇಗಿದರು. ರೆಫರಿಗೆ ಆ ಅಧಿಕಾರವೇ ಇಲ್ಲ. ಬದಲಾಗಬೇಕಾದ ಆಟಗಾರ ಹೊರಬರಲು ಒಪ್ಪದಿದ್ದರೆ ಆಟ ಮುಂದುವರಿಯುತ್ತದೆ ಎಂದು ಆಟದ ಮೂರನೇ ನಿಯಮದಲ್ಲೇ ಇದೆ. ಚೆಲ್ಸಿ ಪೆನಾಲ್ಟಿಯಲ್ಲಿ ಸೋತಿತು. ಸ್ನಾಯು ಸೆಳೆತದ ಬಗ್ಗೆ ತಪ್ಪು ತಿಳಿವಳಿಕೆಯಾಯಿತು ಎಂದು ಇಬ್ಬರೂ ಹೇಳಿದರು. ದಂಡ ಒಂದು ವಾರದ ಸಂಬಳ. ಮುಂದಿನ ಪಂದ್ಯದಲ್ಲಿ ಗೋಲಿನ ಮುಂದೆ ನಿಂತದ್ದು ಕಬಾಯೆರೊ, ಚೆಲ್ಸಿ ಟಾಟನಂ ಮೇಲೆ 2-0ಯಿಂದ ಗೆದ್ದಿತು.

ಮೂಲೆಗೆ ಸರಿಸಲ್ಪಟ್ಟ ಆಟಗಾರನಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಕರಾರು ಬಿಟ್ಟು ಓಡಿಹೋಗುವಂತೆ ಮಾಡಲೆಂದೇ ಕ್ಲಬ್ ಕಿರುಕುಳ ಕೊಟ್ಟರೆ, ಅದೇ ಕಾರಣಕ್ಕೆ ಅವನು ಕರಾರು ಮುರಿಯಬಹುದು ಎನ್ನುತ್ತದೆ ಆಟಗಾರರ ವರ್ಗಾವಣೆ ಕುರಿತ ಫಿಫಾ ನಿಯಮಾವಳಿಯ 14ನೇ ವಿಧಿ. ಅದಕ್ಕೇ ಪ್ರತ್ಯೇಕ ಅಭ್ಯಾಸಕ್ಕೆ ಕಳಿಸಿದರೂ ಕೋಚ್, ಫಿಸಿಯೊ, ಸರಿಯಾದ ಮೈದಾನ ಎಲ್ಲ ಒದಗಿಸಿ ಕ್ಲಬ್ ದಾಖಲೆ ಇಟ್ಟುಕೊಳ್ಳಬೇಕು. ಇನ್ನು 15ನೇ ವಿಧಿಯ ಪ್ರಕಾರ, ನೆಲೆ ಕಂಡ ವೃತ್ತಿಪರನೊಬ್ಬ ಇಡೀ ಋತುವಿನಲ್ಲಿ ಕ್ಲಬ್‌ನ ಅಧಿಕೃತ ಪಂದ್ಯಗಳಲ್ಲಿ ಶೇ 10ಕ್ಕಿಂತ ಕಡಿಮೆ ಆಡಿದ್ದರೆ, ಅಂದರೆ 50 ಪಂದ್ಯಗಳಲ್ಲಿ ಐದೂ ಆಗಿಲ್ಲದಿದ್ದರೆ, ಕರಾರು ಕೊನೆಗೊಳಿಸಲು ಕೇಳಬಹುದು. ಪರಿಸ್ಥಿತಿ ನೋಡಿ ತೀರ್ಮಾನವಾಗುತ್ತದೆ, ಪರಿಹಾರ ಕಟ್ಟಬೇಕಾಗಿಯೂ ಬರಬಹುದು. ಕ್ಲಬ್‌ನ ಕೊನೆಯ ಅಧಿಕೃತ ಪಂದ್ಯವಾಗಿ 15 ದಿನದೊಳಗೆ ಕೇಳದಿದ್ದರೆ ಆ ಹಕ್ಕು ಹೋಯಿತು.

ಬೆಂಗಳೂರು ಎಫ್‌ಸಿಯಂಥ ನಮ್ಮ ಕ್ಲಬ್‌ಗಳ ಬಗ್ಗೆಯೂ ಕೇಳುವವರಿದ್ದಾರೆ. ಅಲ್ಲಿನ ವಿದೇಶಿ ಆಟಗಾರ ಫಿಫಾ ನ್ಯಾಯಮಂಡಳಿಗೆ ಹೋಗಬಹುದು. ಭಾರತೀಯ ಆಟಗಾರನ ದೂರು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಟಗಾರರ ಸ್ಥಾನಮಾನ ಸಮಿತಿಗೆ ಹೋಗುತ್ತದೆ. ಎರಡೂ ಕಡೆ ಮೊದಲು ಕೇಳುವುದು ಸಹಿ ಹಾಕಿದ ಕರಾರಿನ ಪ್ರತಿ. ಅದನ್ನು ಏಜೆಂಟ್ ಹತ್ತಿರ ಬಿಟ್ಟು ನಿಶ್ಚಿಂತೆಯಾಗಿರುವ ಹುಡುಗರು ಇವತ್ತೇ ಒಂದು ಪ್ರತಿ ತರಿಸಿ ಕೈಯಲ್ಲಿಟ್ಟುಕೊಳ್ಳಲಿ.