ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಯ್ತು?

ಬೆಟ್ಟ ಎಂದರೇನು ಎಂದು ಹೈಸ್ಕೂಲ್ ಮಕ್ಕಳನ್ನು ಕೇಳಿ, ಒಂದೇ ಉಸಿರಿಗೆ ಹೇಳುತ್ತಾರೆ. ಬಯಲು, ಪ್ರಸ್ಥಭೂಮಿ, ಮುಖಜಭೂಮಿ, ಎಲ್ಲಕ್ಕೂ ಎರಡೆರಡು ಸಾಲು ಬಾಯಿಪಾಠ. ಬೆಟ್ಟದಿಂದ ಕೊಚ್ಚಿಹೋದ ಮಣ್ಣು ಎಲ್ಲಿಗೆ ಹೋಯ್ತು ಅಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಅದು ಗೈಡ್‌ನಲ್ಲಿ ಇಲ್ಲ ಸರ್.’ ವರ್ಷಾ ವರ್ಷಾ ಇದೇ ಗೋಳು. ಮಕ್ಕಳನ್ನು ಬೈದು ಏನು ಪ್ರಯೋಜನ? ಪ್ರಶ್ನೆಪತ್ರಿಕೆ ತೆಗೆಯುವ ನಾವೇ ಬಿಡಿಬಿಡಿಯಾಗಿ ಕೇಳುತ್ತೇವೆ.

ಪುನರ್ವಸು ಮಳೆ ಹಿಡಿದಾಗ ತುಂಗೆಯ ಕೆಂಪು ನೀರನ್ನು ಗಾಜಿನ ಬಾಟಲಿಯಲ್ಲಿ ತಂದು ಕ್ಲಾಸಿನ ಕಿಟಕಿಯಲ್ಲಿ ಇಡುತ್ತೇನೆ. (ನಾನೇ ತರುತ್ತೇನೆ. ಆ ಹೊತ್ತಿನಲ್ಲಿ ಮಕ್ಕಳನ್ನು ಹೊಳೆಗೆ ಕಳಿಸಬಾರದು.) ಮರುದಿನ ನೋಡಿದರೆ ನೀರು ಇನ್ನೂ ಪೂರ್ತಿ ತಿಳಿಯಾಗಿರುವುದಿಲ್ಲ. ತಳದಲ್ಲಿ ದಪ್ಪ ಮರಳು ಮೊದಲು ಕೂತು, ಅದರ ಮೇಲೆ ನುಣ್ಣನೆಯ ಕೆಸರು ನಿಂತಿರುತ್ತದೆ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬಗ್ಗಿ ನೋಡಿ, ‘ಸರ್, ನಮ್ಮನೆ ಹಿಂದೆ ಧರೆ ಕುಸಿದಿತ್ತಲ್ಲ, ಆ ಮಣ್ಣೂ ಇದರಲ್ಲಿ ಇರುತ್ತಾ?’ ಎಂದಳು. ಆಣೆ ಮಾಡಿ ಹೇಳೋಕಾಗಲ್ಲ, ಇರಬಹುದು ಎಂದೆ.

ಇನ್ನು ಆ ಮಣ್ಣಿನ ಹಿಂದೆಯೇ ಹೊರಡಬೇಕು. ಇಳಿಜಾರು ಜಾಸ್ತಿ ಇದ್ದಲ್ಲಿ ನೀರು ಓಡುತ್ತದೆ, ಕೊರೆಯುತ್ತದೆ. ಇಳಿಜಾರು ಕಮ್ಮಿಯಾದಲ್ಲಿ ಹೊತ್ತದ್ದನ್ನು ಇಳಿಸುತ್ತದೆ. ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ ಮುಂದೆ ಹೊಸಪೇಟೆಯ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗ ಹೂಳಿನದು. ಅದೆಲ್ಲ ಮಲೆನಾಡಿನದ್ದೇ ಅನ್ನಬೇಡಿ, ದಾರಿಯ ಹೊಲಗಳದ್ದೂ ಸೇರಿರುತ್ತದೆ. ಆದರೆ ಇಲ್ಲಿ ಗುಡ್ಡ ಸವೆಯದೆ ಅಲ್ಲಿ ಹೂಳು ತುಂಬುವುದಿಲ್ಲ. ಸವೆತ, ಸಾಗಣೆ, ಸಂಚಯನ ಅಂತ ಮೂರು ಪ್ರಶ್ನೆ ಮಾಡಿಟ್ಟಿದ್ದೇವಲ್ಲ, ಮೂರೂ ಒಂದೇ ಹಿಡಿ ಮಣ್ಣಿನ ಕಥೆ. ಇದನ್ನು ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳುತ್ತೇನೆಂದರೆ ಮಕ್ಕಳು ನನ್ನನ್ನು ಅಣಕಿಸುತ್ತಾರೆ. ಅಣಕಿಸಲಿ.

ಜೋಗವನ್ನೂ 253 ಮೀಟರ್ ಎಂದು ಬರೆದು ಮುಗಿಸಿಬಿಡುತ್ತಾರೆ. ನೀರು ಬೀಳುವ ಅಂಚು ಸವೆದು, ಉದುರಿ, ನಿಧಾನಕ್ಕೆ ಹಿಂದೆ ಸರಿಯುತ್ತದೆ ಎಂದಾಗ ಹಿಂದಿನ ಬೆಂಚಿನ ಹುಡುಗ ಎದ್ದ. ‘ಹಾಗಾದ್ರೆ ಒಂದಿನ ಲಿಂಗನಮಕ್ಕಿ ಮುಟ್ಟುತ್ತಾ ಸರ್?’ 1964ರಿಂದ ಆ ಅಣೆಕಟ್ಟೇ ಶರಾವತಿಯನ್ನು ತಡೆದಿದೆ, ಅಂಚು ಸವೆಸೋಕೆ ಮೊದಲಿನಷ್ಟು ನೀರೇ ಬರೋದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದ. ‘ಮತ್ತೆ ಶರಾವತಿ ಕಡಲು ಸೇರೋ ಹೊನ್ನಾವರಕ್ಕೆ ಮಣ್ಣೂ ಹೋಗಲ್ಲ ಅಲ್ವಾ?’

ಕಮ್ಮಿಯಾಗಿರುತ್ತೆ, ಪೂರ್ತಿ ನಿಂತಿಲ್ಲ ಮಾರಾಯ, ಕೆಳಗೆ ಬಂದು ಸೇರುವ ಹಳ್ಳಗಳೂ ಇವೆಯಲ್ಲ ಎಂದೆ.